ಕತ್ತಲ ರಾತ್ರಿಯ ಬಾಕ್ಸ್ ಹೊರಬೇಡಿ: ಬೂತ್ ಕಾರ್ಯಕರ್ತರಿಗೆ ಒಂದು ಬಹಿರಂಗ ಪತ್ರ

ಎಲ್ಲ ಪಕ್ಷಗಳ ಬೂತ್ ಮಟ್ಟದ ಕಾರ್ಯಕರ್ತರೇ,

ಈ ಪತ್ರವನ್ನು ಅಭ್ಯರ್ಥಿಗಳಿಗೆ ಬರೆಯಬಹುದಿತ್ತು. ಚುನಾವಣಾ ಆಯೋಗಕ್ಕೋ ಅಬಕಾರಿ ಇಲಾಖೆಗೋ ಬರೆಯಬಹುದಿತ್ತು. ನಿಮಗೇ ಬರೆಯುವುದಕ್ಕೆ ಕಾರಣವಿದೆ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಮತದಾನ ಮುಗಿಯುವ ಗಂಟೆಗೆ 48 ಗಂಟೆ ಮೊದಲು ಮೂರು ಕೆಲಸ ಒಟ್ಟೊಟ್ಟಿಗೆ ಆಗುತ್ತವೆ. ಬಹಿರಂಗ ಪ್ರಚಾರದ ಮೈಕು ನಿಲ್ಲುತ್ತದೆ. ಆ ಕ್ಷೇತ್ರದಲ್ಲಿ ಮತವಿಲ್ಲದ ನಾಯಕರು, ಹೊರಗಿನಿಂದ ಬಂದ ಪ್ರಚಾರಕರು ಕ್ಷೇತ್ರ ಬಿಟ್ಟು ಹೊರಡಬೇಕಾಗುತ್ತದೆ. ಮದ್ಯದಂಗಡಿಗಳ ಬಾಗಿಲಿಗೆ ಅಬಕಾರಿಯವರ ಸೀಲು ಬೀಳುತ್ತದೆ. ಅಲ್ಲಿಂದಾಚೆಗೆ ಊರಿನಲ್ಲಿ ಪಕ್ಷದ ಕಡೆಯವರೆಂದು ಉಳಿಯುವವರು ನೀವೇ. ಮತದಾರರ ಪಟ್ಟಿಯ ಹಾಳೆಗಳನ್ನು ಜೇಬಿನಲ್ಲಿಟ್ಟುಕೊಂಡು, ಯಾರ ಮನೆಯಲ್ಲಿ ಎಷ್ಟು ಮತ, ಯಾರು ಬೆಂಗಳೂರಿನಿಂದ ಬರಬೇಕು, ಯಾರು ಯಾರ ಮಾತು ಕೇಳುತ್ತಾರೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡವರು ನೀವು. ಅಂಗಡಿಗೆ ಬೀಗ ಬಿದ್ದ ಮೇಲೂ ಮನೆಮನೆಗೆ ಮದ್ಯ ತಲುಪುತ್ತಿದೆ ಎಂದರೆ ಅದು ನಿಮ್ಮ ಕೈ ದಾಟಿಯೇ ಹೋಗುತ್ತಿದೆ.

ನಾನು ನಿವೃತ್ತ ಪ್ರೌಢಶಾಲಾ ಮೇಷ್ಟ್ರು. ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಚುನಾವಣೆ ಕೆಲಸ ತಪ್ಪಿದ್ದಲ್ಲ. ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ನಮ್ಮ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಶಾಲೆಗಳಲ್ಲಿ ರಾತ್ರಿ ಕಳೆದಿದ್ದೇನೆ. ನಿಮ್ಮಲ್ಲಿ ಅನೇಕರು ನನ್ನ ಶಿಷ್ಯರ ವಯಸ್ಸಿನವರು, ಕೆಲವರು ನನ್ನ ತರಗತಿಯಲ್ಲೇ ಕೂತು ಕಲಿತವರು. ನಿಮ್ಮ ಪಕ್ಷ ಯಾವುದು ಎಂದು ನಾನು ಕೇಳುವುದಿಲ್ಲ. ಈ ವಿಷಯದಲ್ಲಿ ಎಲ್ಲ ಪಕ್ಷಗಳೂ ಒಂದೇ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ 135ಸಿ ಎಂಬ ಕಲಮು ಸೇರಿತು. ಮತದಾನ ಮುಗಿಯುವ ಗಂಟೆಗೆ ಹಿಂದಿನ 48 ಗಂಟೆಗಳಲ್ಲಿ ಆ ಪ್ರದೇಶದಲ್ಲಿ ಮದ್ಯ ಮಾರುವಂತಿಲ್ಲ, ಕೊಡುವಂತಿಲ್ಲ, ಹಂಚುವಂತಿಲ್ಲ. ಹೋಟೆಲು, ಅಂಗಡಿಗಳಷ್ಟಕ್ಕೇ ಈ ನಿರ್ಬಂಧ ನಿಲ್ಲುವುದಿಲ್ಲ. ಸಾರ್ವಜನಿಕ ಜಾಗವಿರಲಿ, ಖಾಸಗಿ ಜಾಗವಿರಲಿ, ಎಲ್ಲಕ್ಕೂ ಅನ್ವಯಿಸುತ್ತದೆ. ತಪ್ಪಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಿಕ್ಕ ಮದ್ಯ ಮುಟ್ಟುಗೋಲು. ಅಂದರೆ ತೋಟದ ಮನೆಯಲ್ಲಿ ಬಾಕ್ಸ್ ಬಿಚ್ಚಿ ಹಂಚುವವನೂ, ಕೌಂಟರಿನ ಹಿಂದೆ ನಿಂತು ಮಾರುವವನೂ ಈ ಕಾನೂನಿನ ಕಣ್ಣಿಗೆ ಸಮಾನ ತಪ್ಪಿತಸ್ಥರು.

ಆದರೆ ಜಾರಿಗೆ ಬರುವಾಗ ಕಾನೂನು ಅರ್ಧವಾಗುತ್ತದೆ. ಅಂಗಡಿ ಮುಚ್ಚಿಸುವುದು ಸುಲಭ. ಸನ್ನದು ಯಾರ ಹೆಸರಿನಲ್ಲಿದೆ ಗೊತ್ತು, ವಿಳಾಸ ಗೊತ್ತು, ಬಾಗಿಲು ಯಾವ ಬೀದಿಗಿದೆ ಗೊತ್ತು. ಜಿಲ್ಲಾಧಿಕಾರಿಯವರ ಆದೇಶ ಬಂತೆಂದರೆ ಸಂಜೆ ಹೊತ್ತಿಗೆ ಬೀಗದ ಮೇಲೆ ಕಾಗದ ಸುತ್ತಿ ಅರಗಿನ ಮುದ್ರೆ ಒತ್ತಿ ಹೋಗುತ್ತಾರೆ. ಆ ಗಂಟೆಗೆ ಮುಂಚೆ ತಾಲ್ಲೂಕು ಕೇಂದ್ರದ ಯಾವುದೇ ಎಂಆರ್‌ಪಿ ಅಂಗಡಿ ಮುಂದೆ ನಿಂತು ನೋಡಿದ್ದೀರಲ್ಲ? ಕೂಲಿ ಮುಗಿಸಿ ಬಂದವರು, ಆಟೋದವರು, ಗಾರೆ ಕೆಲಸದವರು ಎರಡು ದಿನಕ್ಕಾಗುವಷ್ಟು ತಮ್ಮ ದುಡ್ಡಿನಲ್ಲೇ ಕೊಂಡು ಪಂಚೆಯ ಮಡಿಲಲ್ಲೋ ಟಿಫನ್ ಚೀಲದಲ್ಲೋ ಇಟ್ಟುಕೊಂಡು ಹೋಗುತ್ತಾರೆ. ಮಾರಾಟ ನಿಂತಿತು ಎಂಬ ವರದಿ ಮೇಲಕ್ಕೆ ಹೋಗುತ್ತದೆ. ಕೊಡುವುದು, ಹಂಚುವುದು ನಿಂತಿತೋ ಇಲ್ಲವೋ ನೋಡುವ ಕೆಲಸ ಮಾತ್ರ ಬಾಕಿ ಉಳಿಯುತ್ತದೆ.

ಹಂಚುವ ಮದ್ಯ ಡ್ರೈ ಡೇಯ ಹಿಂದಿನ ಸಂಜೆ ಕೊಂಡದ್ದಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀತಿಸಂಹಿತೆ ಜಾರಿಯಾದ ದಿನದಿಂದ ರಾಜ್ಯ ಪಾನೀಯ ನಿಗಮದ ಡಿಪೋದಿಂದ ಯಾವ ಅಂಗಡಿ ಎಷ್ಟು ಎತ್ತಿತು, ಹಿಂದಿನ ವರ್ಷ ಇದೇ ಹೊತ್ತಿಗೆ ಎಷ್ಟು ಎತ್ತಿತ್ತು ಎಂದು ಅಬಕಾರಿಯವರು ಲೆಕ್ಕ ನೋಡುತ್ತಾರೆ. ಅದಕ್ಕೇ ಜಾಣರು ನೀತಿಸಂಹಿತೆಗೂ ಮೊದಲೇ ಕೂಡಿಡುತ್ತಾರೆ. ಹುಲ್ಲಿನ ಬಣವೆ, ಪಂಪ್‌ಸೆಟ್ ಮನೆ, ಪಾಳುಬಿದ್ದ ರೇಷ್ಮೆ ಮನೆ, ಕಟ್ಟುತ್ತಿರುವ ಕಲ್ಯಾಣಮಂಟಪ. ಇನ್ನು ಕೆಲವು ಕಡೆ ಬಾಕ್ಸೇ ಬೇಡ, ಟೋಕನ್ ಸಾಕು. ಗುರುತು ಹಾಕಿದ ಚೀಟಿ ಹಿಡಿದು ಹೋದರೆ ಅಂಗಡಿಯವನು ಕ್ವಾರ್ಟರ್ ಕೊಡುತ್ತಾನೆ, ಲೆಕ್ಕ ಆಮೇಲೆ ಚುಕ್ತಾ. 48 ಗಂಟೆ ಶುರುವಾಗುವ ಹೊತ್ತಿಗೆ ಸರಕು ಊರು ಸೇರಿರುತ್ತದೆ.

ಎಷ್ಟು ಸರಕು ಎಂಬುದಕ್ಕೆ ಒಂದು ಅಂದಾಜು ಬೇಕಾದರೆ 2023ರ ವಿಧಾನಸಭೆ ಚುನಾವಣೆಯ ಲೆಕ್ಕ ನೋಡಬಹುದು. ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಜಪ್ತಿಯಾದ ಹಣ, ಮದ್ಯ, ಒಡವೆ, ಉಡುಗೊರೆ ಎಲ್ಲ ಸೇರಿ ಮೌಲ್ಯ ಸುಮಾರು 375 ಕೋಟಿ ರೂಪಾಯಿ ಎಂದು ಚುನಾವಣಾ ಆಯೋಗವೇ ಹೇಳಿತು. ಅದರಲ್ಲಿ ಮದ್ಯದ ಪಾಲು 83 ಕೋಟಿಗೂ ಹೆಚ್ಚು. ಇದು ಸಿಕ್ಕಿಬಿದ್ದದ್ದರ ಲೆಕ್ಕ. ಒಬ್ಬ ವಿಧಾನಸಭಾ ಅಭ್ಯರ್ಥಿ ಕಾನೂನು ಪ್ರಕಾರ ಖರ್ಚು ಮಾಡಬಹುದಾದದ್ದು 40 ಲಕ್ಷ ರೂಪಾಯಿ. ಆ ಖರ್ಚಿನ ಪುಸ್ತಕದಲ್ಲಿ ಟೀ, ಕುರ್ಚಿ ಬಾಡಿಗೆ, ಹಾರದ ಬೆಲೆಯೆಲ್ಲ ಬರೆದಿರುತ್ತದೆ. ಎಣ್ಣೆಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ.

ಬಾಕ್ಸಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 180 ಎಂ.ಎಲ್. ಕ್ವಾರ್ಟರಾದರೆ ಒಂದು ಬಾಕ್ಸಿಗೆ 48, ನೈಂಟಿ ಪ್ಯಾಕೆಟ್ಟಾದರೆ 96. ಎರಡರಲ್ಲಿ ಯಾವುದಾದರೂ 8.64 ಲೀಟರ್. ಅಬಕಾರಿ ಪ್ರಕರಣಗಳ ಸುದ್ದಿಯಲ್ಲಿ ಪದೇ ಪದೇ ಕಾಣುವ ಅಂಕಿ ಇದು. ಆ ಸುದ್ದಿಯನ್ನು ಇನ್ನೊಮ್ಮೆ ಗಮನವಿಟ್ಟು ಓದಿ. ಯಾರ ಹೆಸರಿರುತ್ತದೆ? ಇಂಥ ಗ್ರಾಮದ ವಾಸಿ, ವಯಸ್ಸು 24 ವರ್ಷ, ವ್ಯವಸಾಯ. ಬೈಕಿನ ನಂಬರು. ಬಾಕ್ಸ್ ಕೊಟ್ಟು ಕಳಿಸಿದವರ ಹೆಸರು ಅಲ್ಲಿ ಕಾಣುವುದು ತೀರಾ ಅಪರೂಪ. ಅಬಕಾರಿ ಕಾಯ್ದೆಯಲ್ಲಿ ವಾಹನ ಮುಟ್ಟುಗೋಲಿಗೂ ಅವಕಾಶವಿದೆ. ಅಪ್ಪ ಸಾಲ ಮಾಡಿ ಕೊಡಿಸಿದ ಬೈಕು ಠಾಣೆ ಆವರಣದಲ್ಲಿ ಮಳೆಯಲ್ಲಿ ನೆನೆಯುತ್ತದೆ. ಮುಂದೆ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಕೆಪಿಟಿಸಿಎಲ್‌ಗೋ ಅರ್ಜಿ ಹಾಕಿದಾಗ ನಿಮ್ಮ ಮೇಲೆ ಪ್ರಕರಣವಿದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾದವರು ನೀವು. ಗೆದ್ದವರು ಅಷ್ಟು ಹೊತ್ತಿಗೆ ವಿಧಾನಸೌಧದಲ್ಲಿರುತ್ತಾರೆ.

ಒಂದು ಮತದಾನದ ಹಿಂದಿನ ರಾತ್ರಿಯನ್ನು ನಿಮಗೆ ಹೇಳಲೇಬೇಕು. ಮಸ್ಟರಿಂಗ್ ಮುಗಿಸಿ, ಬಸ್ಸಿನಿಂದ ಯಂತ್ರದ ಪೆಟ್ಟಿಗೆಗಳನ್ನು ಇಳಿಸಿಕೊಂಡು, ಹೊರಗೆ ನೂರು ಮೀಟರಿನ ಗೆರೆಯನ್ನು ಸುಣ್ಣದಲ್ಲಿ ಎಳೆಸಿ, ಬಿಸಿಯೂಟದವರು ಮಾಡಿಕೊಟ್ಟ ಅನ್ನ ಸಾರು ಉಂಡು, ಶಾಲೆಯ ಬೆಂಚು ಜೋಡಿಸಿಕೊಂಡು ಮಲಗಿದ್ದೆವು. ಹನ್ನೊಂದು ಗಂಟೆಯ ಮೇಲೆ ಒಂದು ಬೈಕು ಹೆಡ್‌ಲೈಟ್ ಆರಿಸಿಕೊಂಡು ಬೀದಿಗೆ ಬಂತು. ನಾಯಿಗಳು ಬೊಗಳಿದವು. ಒಂದು ಮನೆ ಮುಂದೆ ಎಂಜಿನ್ ನಿಲ್ಲುವುದು, ಕದ ತೆರೆಯುವ ಸದ್ದು, ಎರಡು ಮಾತು, ಮತ್ತೆ ಮುಂದಿನ ಮನೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬೈಕು, ಅದು ಇನ್ನೊಂದು ಪಕ್ಷದ್ದು. ಎರಡೂ ಎದುರುಬದುರಾದಾಗ ಜಗಳವಾಗಲಿಲ್ಲ. ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋದರು. ನಮ್ಮ ಜೊತೆಗಿದ್ದ ಪೊಲೀಸ್ ಪೇದೆ ಠಾಣೆಗೆ ಫೋನ್ ಮಾಡಿದರು. ಜೀಪು ಬರುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು. ಆ ರಾತ್ರಿಗೆ ನಮ್ಮ ಪತ್ರಿಕೆಗಳು ಇಟ್ಟಿರುವ ಹೆಸರೇ ಕತ್ತಲ ರಾತ್ರಿ. ಅಲ್ಲಿ ನಡೆಯುವುದು ಎಲ್ಲರಿಗೂ ಎಷ್ಟು ಗೊತ್ತಿದೆಯೆಂದರೆ ಆ ಹೆಸರಿಗೆ ಯಾರೂ ವಿವರಣೆ ಕೇಳುವುದಿಲ್ಲ.

ಬೆಳಗ್ಗೆ ಐದೂವರೆಗೆ ಅಣಕು ಮತದಾನ. ಏಜೆಂಟರ ಎದುರಿಗೆ ಕನಿಷ್ಠ 50 ಮತ ಹಾಕಿ, ಎಣಿಸಿ ತೋರಿಸಿ, ಅಳಿಸಿ, ಯಂತ್ರಕ್ಕೆ ಸೀಲು ಮಾಡಿ ಅವರ ಸಹಿ ಪಡೆಯಬೇಕು. ಬಂದ ಏಜೆಂಟರಲ್ಲಿ ಇಬ್ಬರು ರಾತ್ರಿಯಿಡೀ ಬೀದಿ ಸುತ್ತಿದವರು. ಕಣ್ಣು ಕೆಂಡ, ಬಾಯಿ ವಾಸನೆ. ಒಬ್ಬನಿಗೆ ಸಹಿ ಹಾಕುವ ಜಾಗ ತೋರಿಸಿದರೂ ಪೆನ್ನು ನಿಲ್ಲಲಿಲ್ಲ. ಒಂಬತ್ತು ಗಂಟೆಗೆಲ್ಲ ಆತ ಗೋಡೆಗೆ ಒರಗಿ ನಿದ್ದೆಗೆ ಜಾರಿದ. ಸಂಜೆ ಮತದಾನ ಮುಗಿದ ಮೇಲೆ ಒಟ್ಟು ಎಷ್ಟು ಮತ ಬಿದ್ದವು ಎಂಬುದನ್ನು ನಮೂನೆ 17ಸಿಯಲ್ಲಿ ಬರೆದು ಪ್ರತಿ ಏಜೆಂಟರಿಗೂ ನಕಲು ಕೊಡಬೇಕು. ಎಣಿಕೆಯ ದಿನ ಯಂತ್ರದ ಸಂಖ್ಯೆಯ ಜೊತೆ ಹೋಲಿಸಿ ನೋಡಲು ಪಕ್ಷದ ಕೈಯಲ್ಲಿರುವ ದಾಖಲೆ ಅದೇ. ನಕಲು ಹಿಡಿದುಕೊಂಡು ಕರೆದರೆ ಆತ ಅಲ್ಲಿರಲಿಲ್ಲ. ಪಕ್ಷಕ್ಕೆ ಆ ದಿನ ಬೇಕಾಗಿದ್ದದ್ದು ಎಚ್ಚರವಾಗಿರುವ ಒಬ್ಬ ಮನುಷ್ಯ. ಸತ್ತವರ ಹೆಸರಿನಲ್ಲಿ ಯಾರಾದರೂ ಬಂದರೆ ಆಕ್ಷೇಪ ಹಾಕುವವನು, ಪಟ್ಟಿಯ ಹೆಸರಿಗೆ ಗೆರೆ ಎಳೆಯುವವನು, ಸಂಜೆ ಕಾಗದ ಕೇಳಿ ಪಡೆಯುವವನು. ಇಂಥ ಕೆಲಸಕ್ಕೆ ಬೇಕಾದ ಹುಡುಗನನ್ನು ಆ ಪಕ್ಷವೇ ಹಿಂದಿನ ರಾತ್ರಿ ಬಾಕ್ಸ್ ಹೊರಲು ಬಳಸಿಕೊಂಡು ಮುಗಿಸಿತ್ತು.

ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಗಂಡನ ರೆಟ್ಟೆ ಹಿಡಿದುಕೊಂಡು ಸಾಲಿಗೆ ಬಂದಳು. ಗಲಾಟೆ ಮಾಡುವವರನ್ನು ಮತಗಟ್ಟೆಯಿಂದ ಹೊರಗೆ ಕಳಿಸುವ ಅಧಿಕಾರ ನನಗಿತ್ತು. ಆತ ಗಲಾಟೆ ಮಾಡಲಿಲ್ಲ, ನಿಲ್ಲಲಾರದೆ ನಿಂತಿದ್ದ. ಮತ ಹಾಕಿಸಿ ಕಳಿಸುವಾಗ ಆಕೆ ನನ್ನ ಕಡೆ ತಿರುಗಿ, "ರಾತ್ರಿಯಿಂದ ಹಿಂಗೇ ಸ್ವಾಮಿ. ಕೊಟ್ಟೋರು ಕೊಟ್ಟು ಹೋದ್ರು, ಅನುಭವಿಸೋಳು ನಾನು" ಅಂದಳು. ಬೆರಳಿಗೆ ಶಾಯಿ ಹಚ್ಚುತ್ತಿದ್ದ ನಮ್ಮ ಸಹೋದ್ಯೋಗಿ ತಲೆ ತಗ್ಗಿಸಿದರು. ಆಕೆಯ ತೋಳಿನ ಮೇಲೆ ಬಾಸುಂಡೆ ಇತ್ತು.

ನೀವು ಮದ್ಯ ಹಂಚಿದ್ದು ಒಬ್ಬ ಮತದಾರನಿಗೆ ಎಂದು ನಿಮ್ಮ ಪಟ್ಟಿಯಲ್ಲಿ ಟಿಕ್ ಹಾಕಿಕೊಂಡಿರುತ್ತೀರಿ. ಆ ಮನೆಯಲ್ಲಿ ಮತ ಎರಡೋ ಮೂರೋ ಇರುತ್ತದೆ. ಹೆಂಡತಿಯದೂ ಒಂದು ಮತ, ತಾಯಿಯದೂ ಒಂದು ಮತ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಕರೆಗೆ ಓಗೊಟ್ಟು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಕೂಲಿ ಬಿಟ್ಟು, ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದವರು ಅವರು. ಹಳ್ಳಿ ಹಳ್ಳಿಯ ಹೆಂಗಸರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ, ಆ ಹೆದ್ದಾರಿಯ ಡಾಂಬರಿನ ಮೇಲೆ ಅವರು ಸವೆಸಿದ ಚಪ್ಪಲಿ ಸಾಕು. ಪಕ್ಷಗಳು ಅವರ ಮತ ಕೇಳುತ್ತವೆ, ಅವರ ಮನೆಗೆ ಎಣ್ಣೆ ಕಳಿಸುತ್ತವೆ. ಇದಕ್ಕಿಂತ ದೊಡ್ಡ ಅವಮಾನ ಆ ಹೆಂಗಸರಿಗೆ ಇನ್ನೊಂದಿಲ್ಲ.

ಕುಡಿತಕ್ಕೆ ದೇಹ ಒಗ್ಗಿಹೋದವರ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಡ್ರೈ ಡೇ ಎಂದರೆ ಅವರ ಮಟ್ಟಿಗೆ ಬರೀ ಬೇಜಾರಿನ ದಿನವಲ್ಲ. ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನೂ ಕೆಲವರಿಗೆ ಎರಡು ಮೂರು ದಿನದ ಹೊತ್ತಿಗೆ ದಿಕ್ಕು ತಪ್ಪಿ, ಇಲ್ಲದ್ದು ಕಂಡಂತಾಗಿ ಪ್ರಾಣಕ್ಕೇ ಅಪಾಯವಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ಇಂಥವರು ಆಸ್ಪತ್ರೆಗಳಿಗೆ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಹಾಗಾದರೆ ಹಂಚುವುದು ಉಪಕಾರವೇ ಎಂದು ವಾದಿಸಬೇಡಿ. ಚುನಾವಣೆಯ ತಿಂಗಳಲ್ಲಿ ಪುಕ್ಕಟೆ ಸಿಗುತ್ತದೆಂದು ಅವರು ಕುಡಿಯುವ ಪ್ರಮಾಣ ಏರುತ್ತದೆ, ಚುನಾವಣೆ ಮುಗಿದ ಮರುದಿನ ಆ ಪುಕ್ಕಟೆ ನಿಲ್ಲುತ್ತದೆ. ಆ ನಡುಕದ ಹೊತ್ತಿಗೆ ಮನೆ ಮುಂದೆ ಯಾವ ಬೈಕೂ ಬರುವುದಿಲ್ಲ. ನಿಮ್ಮ ಬೂತಿನಲ್ಲಿ ಅಂಥವರು ಯಾರಿದ್ದಾರೆ ಎಂದು ನಿಮಗೆ ಗೊತ್ತು. ಅವರ ಮನೆಯವರಿಗೆ ಮೊದಲೇ ಹೇಳಿಡಿ: ನಡುಕ ಜಾಸ್ತಿಯಾದರೆ, ಮಾತು ತಪ್ಪಿದರೆ, ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. 108ಕ್ಕೆ ಫೋನ್ ಮಾಡಿಕೊಡುವುದು ನಿಮ್ಮ ಕೈಲಾಗುವ ಕೆಲಸ.

ಅಂಗಡಿಗೆ ಬೀಗ ಬಿದ್ದಾಗ ಪೆಟ್ಟಿಗೆ ಅಂಗಡಿಗಳಲ್ಲಿ, ಡಾಬಾಗಳ ಹಿಂಬದಿಯಲ್ಲಿ ದುಪ್ಪಟ್ಟು ಬೆಲೆಗೆ ಮಾರುವವರು ಹುಟ್ಟಿಕೊಳ್ಳುತ್ತಾರೆ. ಅಲ್ಲಿ ಸಿಗುವುದು ಏನೆಂದು ಯಾರೂ ಹೇಳಲಾರರು. 2008ರ ಮೇ ತಿಂಗಳಲ್ಲಿ, ನಮ್ಮ ವಿಧಾನಸಭೆ ಚುನಾವಣೆ ಮೂರು ಹಂತಗಳಲ್ಲಿ ನಡೆಯುತ್ತಿದ್ದಾಗಲೇ, ಬೆಂಗಳೂರು, ಆನೇಕಲ್, ಕೋಲಾರದ ಕಡೆ ಮತ್ತು ಪಕ್ಕದ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಆ ವಿಷ ಚುನಾವಣೆಗೆಂದೇ ಬಂದದ್ದು ಎಂದು ನಾನು ಹೇಳುತ್ತಿಲ್ಲ. ಎಲ್ಲಿಂದ ಬಂತು, ಏನು ಬೆರೆತಿದೆ ಎಂದು ತಿಳಿಯದ ಸರಕನ್ನು ಕತ್ತಲಲ್ಲಿ ಕೈಯಿಂದ ಕೈಗೆ ದಾಟಿಸುವಾಗ ಆ ಸಾವುಗಳು ನೆನಪಿರಲಿ ಎನ್ನುತ್ತಿದ್ದೇನೆ.

ಇನ್ನು ಡ್ರೈ ಡೇ ನಿಷೇಧದ ಬಗ್ಗೆಯೇ ಇರುವ ದೂರು. ವ್ಯಾಪಾರಿಗಳ ಕಡೆಯ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪಬೇಕು. 2024ರ ಜೂನ್ ಮೊದಲ ವಾರದ ಬೆಂಗಳೂರನ್ನು ತೆಗೆದುಕೊಳ್ಳಿ. ಜೂನ್ 3ರ ಸೋಮವಾರ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾನ ಇತ್ತು. ಮತದಾನ ಸಂಜೆ 4ಕ್ಕೆ ಮುಗಿಯುವುದರಿಂದ ಜೂನ್ 1ರ ಶನಿವಾರ ಸಂಜೆ 4ಕ್ಕೇ ಬಾಗಿಲು ಮುಚ್ಚಿತು. ಶನಿವಾರ, ಭಾನುವಾರ ಎರಡೂ ಹೋಯಿತು. ಜೂನ್ 4 ಲೋಕಸಭೆಯ ಎಣಿಕೆ, ಮತ್ತೆ ಬಂದ್. ಜೂನ್ 6 ಪರಿಷತ್ತಿನ ಎಣಿಕೆ, ಮತ್ತೂ ಬಂದ್. ಪದವೀಧರ ಕ್ಷೇತ್ರದಲ್ಲಿ ಮತವಿರುವುದು ಹೆಸರು ನೋಂದಾಯಿಸಿಕೊಂಡ ಪದವೀಧರರಿಗೆ ಮಾತ್ರ. ಅಷ್ಟು ಜನರಿಗಾಗಿ ಇಡೀ ಮಹಾನಗರದ ಬಾರು, ಹೋಟೆಲುಗಳ ವಾರದ ಮುಖ್ಯ ವ್ಯಾಪಾರ ನಿಂತಿತು. ಇಂಥ ದಿನಗಳಲ್ಲಿ ನಷ್ಟ ಮಾಲೀಕನೊಬ್ಬನಿಗೇ ಅಂದುಕೊಳ್ಳಬೇಡಿ. ಟಿಪ್ಸಿನ ಮೇಲೆ ಬದುಕುವ ಸಪ್ಲೈಯರ್, ದಿನಗೂಲಿಯ ಅಡುಗೆ ಸಹಾಯಕ, ಬಾರ್ ಮುಂದೆ ಕಡಲೆಬೀಜ, ಆಮ್ಲೆಟ್ ಮಾರುವ ಗಾಡಿಯವರು, ಇವರೆಲ್ಲರ ಹೊಟ್ಟೆ ಮೇಲೂ ಆ ಬೀಗ ಬೀಳುತ್ತದೆ. ಅದೇ ಜೂನ್ 4ರ ಬಗ್ಗೆ ಮುಂಬೈಯಲ್ಲಿ ಹೋಟೆಲ್ ಮಾಲೀಕರು ಕೋರ್ಟಿಗೆ ಹೋದಾಗ, ಫಲಿತಾಂಶ ಘೋಷಣೆಯಾದ ಮೇಲೆ ಮಾರಾಟ ಮಾಡಬಹುದು ಎಂದು ಬಾಂಬೆ ಹೈಕೋರ್ಟ್ ಹೇಳಿತು. ಅದು ನ್ಯಾಯವಾದ ಮಾತು. ಎಣಿಕೆಯ ದಿನ ಮತ ಪೆಟ್ಟಿಗೆ ಸೇರಿ ಆಗಿರುತ್ತದೆ, ಕುಡಿಸಿ ಕೊಳ್ಳುವುದಕ್ಕೆ ಏನೂ ಉಳಿದಿರುವುದಿಲ್ಲ. ಗದ್ದಲ ತಡೆಯುವುದಷ್ಟೇ ಉದ್ದೇಶವಾದರೆ ಫಲಿತಾಂಶದ ಹೊತ್ತು ಮುಗಿಯುವವರೆಗೆ ಮುಚ್ಚಿದರೆ ಸಾಕು.

ಮತದಾನದ ಮೊದಲಿನ 48 ಗಂಟೆಗಳ ಮಾತು ಬೇರೆ. ಅದು ಇರಬೇಕು. 2018ರ ವಿಧಾನಸಭೆಗೆ ಮತದಾನವಾದದ್ದು ಮೇ 12, ಶನಿವಾರ. 2020ರ ಗ್ರಾಮ ಪಂಚಾಯ್ತಿ ಚುನಾವಣೆಯ ಎರಡನೇ ಹಂತ ಡಿಸೆಂಬರ್ 27, ಭಾನುವಾರ. ರಜೆ, ಬಾಡೂಟ, ಊರಿಗೆ ಬಂದ ಬಳಗ, ಎಲ್ಲ ಸೇರುವ ದಿನಗಳು. ಅಂಥ ಹೊತ್ತಿನಲ್ಲಿ ಅಂಗಡಿಯೂ ತೆರೆದಿದ್ದು ಪಕ್ಷದ ದುಡ್ಡೂ ಓಡಾಡಿದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಆದರೆ ಅಂಗಡಿಗೆ ಹಾಕುವ ಬೀಗದಷ್ಟೇ ಗಟ್ಟಿಯಾಗಿ ಹಂಚುವವರ ಮೇಲೂ ಕಾನೂನು ಬೀಳದಿದ್ದರೆ ಈ ನಿಷೇಧದಿಂದ ಲಾಭವಾಗುವುದು ಪಕ್ಷಗಳಿಗೇ. ಊರಿನಲ್ಲಿ ಬೇರೆಲ್ಲೂ ಸಿಗದ ದಿನ ನಿಮ್ಮ ಕೈಯ ಕ್ವಾರ್ಟರಿಗೆ ಬೆಲೆ ಹೆಚ್ಚು. ಬೇರೆ ದಿನ ಕೂಲಿಯವನು ತನ್ನ ದುಡ್ಡಿಗೆ ಕೊಳ್ಳುತ್ತಿದ್ದದ್ದನ್ನು ಆ ದಿನ ನಿಮ್ಮ ಮುಂದೆ ಕೈಯೊಡ್ಡಿ ಪಡೆಯಬೇಕಾಗುತ್ತದೆ. ಮತದಾರನನ್ನು ಕಾಪಾಡಲು ಮಾಡಿದ ಕಾನೂನು ಅವನನ್ನು ನಿಮ್ಮ ಹಂಗಿಗೆ ತಳ್ಳುತ್ತಿದೆ. ನನ್ನ ತಕರಾರು ಇರುವುದು ಇಲ್ಲಿ.

ಕುಡಿಸಿ ಮತ ಕೇಳುವುದನ್ನು ಕಾನೂನು ಎಷ್ಟು ಹಗುರವಾಗಿ ನೋಡುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. 1920ರಲ್ಲಿ, ಬ್ರಿಟಿಷರ ಕಾಲದಲ್ಲಿ, ಚುನಾವಣಾ ಅಪರಾಧಗಳ ಅಧ್ಯಾಯವನ್ನು ದಂಡಸಂಹಿತೆಗೆ ಸೇರಿಸಿದರು. ಮತಕ್ಕಾಗಿ ಲಂಚ ಕೊಟ್ಟರೆ ಒಂದು ವರ್ಷದವರೆಗೆ ಜೈಲು. ಆದರೆ ಆ ಲಂಚ ಊಟ, ಮದ್ಯ, ಮೋಜಿನ ರೂಪದಲ್ಲಿದ್ದರೆ ದಂಡ ಮಾತ್ರ ಎಂದು ಬರೆದರು. ನೂರು ವರ್ಷ ಕಳೆದು, ಹಳೆಯ ಸಂಹಿತೆಯನ್ನೇ ತೆಗೆದುಹಾಕಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರಲ್ಲೂ ಕುಡಿಸುವ ಲಂಚಕ್ಕೆ ದಂಡ ಮಾತ್ರ. ಆ 48 ಗಂಟೆಯೊಳಗಾದರೆ 135ಸಿ ಇದೆ, ಜೈಲಿಗೂ ಅವಕಾಶವಿದೆ. ಒಂದು ದಿನ ಮೊದಲೇ ಟೋಕನ್ ಹಂಚಿದರೆ? ದಂಡ ಕಟ್ಟಿ ಎದ್ದು ಹೋಗಬಹುದು. ಸಂಸತ್ತಿನಲ್ಲಿ ಹೊಸ ಸಂಹಿತೆ ಬರೆಯುವಾಗ ಈ ವಿನಾಯಿತಿಯನ್ನು ಕಿತ್ತುಹಾಕಲು ಒಳ್ಳೆಯ ಅವಕಾಶವಿತ್ತು. ಅದನ್ನು ಕೈಬಿಟ್ಟಿದ್ದು ತಪ್ಪು. ನಿಮ್ಮ ಪಕ್ಷದ ಸಂಸದರನ್ನು ಮುಂದಿನ ಸಲ ವೇದಿಕೆಯ ಮೇಲೆ ಕಂಡಾಗ ಇದನ್ನು ಕೇಳಿ.

ಸರ್ಕಾರದಿಂದ ಹೆಚ್ಚಿಗೆ ನಿರೀಕ್ಷಿಸುವಂತೆಯೂ ಇಲ್ಲ. 2024-25ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ವರಮಾನದ ಗುರಿಯೇ 38,525 ಕೋಟಿ ರೂಪಾಯಿ. 2007ರ ಜುಲೈ 1ರಂದು ಸಾರಾಯಿ ನಿಂತಿತು. ಅದಕ್ಕೂ ಮೊದಲು ಚುನಾವಣೆಯಲ್ಲಿ ಸಾರಾಯಿ ಪ್ಯಾಕೆಟ್ ಹಂಚುತ್ತಿದ್ದರು, ಈಗ ಟೆಟ್ರಾ ಪ್ಯಾಕ್ ಹಂಚುತ್ತಾರೆ. ಪೊಟ್ಟಣ ಬದಲಾಯಿತು, ಹಂಚುವವರು ಬದಲಾಗಲಿಲ್ಲ.

ನೀವು ಏನು ಹೇಳುತ್ತೀರಿ ಎಂಬುದೂ ನನಗೆ ಗೊತ್ತು. ಊರಲ್ಲಿ ಕೂತು ಮಾತಾಡುವಾಗ ಒಬ್ಬ ಹುಡುಗ ನನಗೆ ನೇರವಾಗಿಯೇ ಹೇಳಿದ್ದ: "ಮೇಷ್ಟ್ರೆ, ಅವ್ರು ಕೊಡ್ತಾರೆ. ನಾವು ಕೊಡ್ದೆ ಇದ್ರೆ ನಾಳೆ ಊರೊಳಗೆ ತಲೆ ಎತ್ಕೊಂಡು ಓಡಾಡಕಾಯ್ತದಾ?" ಅವನ ಮಾತಿನಲ್ಲಿ ಕಪಟವಿರಲಿಲ್ಲ. ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ. ಎರಡೂ ಕಡೆಯಿಂದ ತೆಗೆದುಕೊಂಡವನು ಮತ ಯಾರಿಗೆ ಹಾಕಿದ ಎಂದು ನಿನಗೆ ಗೊತ್ತಾ? "ಅದು ದೇವ್ರಿಗೇ ಗೊತ್ತು" ಅಂದ. ಹಾಗಾದರೆ ಇಷ್ಟು ದುಡ್ಡು, ಇಷ್ಟು ನಿದ್ದೆಗೇಡು, ಪೊಲೀಸ್ ಕೇಸಿನ ಭಯ, ಎಲ್ಲ ಯಾವುದಕ್ಕೆ? ಮತ ಸಿಗುತ್ತದೆ ಎಂಬ ನಂಬಿಕೆಯಿಂದ ಯಾರೂ ಹಂಚುತ್ತಿಲ್ಲ. ಕೊಡದಿದ್ದರೆ ಕೈತಪ್ಪೀತು ಎಂಬ ಹೆದರಿಕೆಯಿಂದ ಎಲ್ಲರೂ ಹಂಚುತ್ತಿದ್ದಾರೆ. ಎರಡೂ ಕಡೆಯವರು ಒಟ್ಟಿಗೆ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ.

ಒಟ್ಟಿಗೆ ನಿಲ್ಲಿಸುವುದು ಸಾಧ್ಯವೇ ಎಂದರೆ, ಸಾಧ್ಯವಿರುವುದು ನಿಮ್ಮ ಮಟ್ಟದಲ್ಲಿ ಮಾತ್ರ. ಬೆಂಗಳೂರಿನ ಕಚೇರಿಗಳಲ್ಲಿ ಕೂತವರು ಇದನ್ನು ಮಾಡಲಾರರು, ಒಬ್ಬರನ್ನೊಬ್ಬರು ನಂಬುವುದಿಲ್ಲ. ನೀವು ಹಾಗಲ್ಲ. ಬೇರೆ ಬೇರೆ ಬಾವುಟ ಹಿಡಿದರೂ ಒಂದೇ ಹಾಲಿನ ಡೇರಿಗೆ ಹಾಲು ಹಾಕುತ್ತೀರಿ, ಒಂದೇ ದೇವರ ತೇರು ಎಳೆಯುತ್ತೀರಿ, ಸಾವಾದಾಗ ಒಂದೇ ಚಟ್ಟಕ್ಕೆ ಹೆಗಲು ಕೊಡುತ್ತೀರಿ. ಆ ಕತ್ತಲ ರಾತ್ರಿಯಲ್ಲಿ ಬೈಕಿಗೆ ಬೈಕು ದಾರಿ ಬಿಟ್ಟದ್ದನ್ನು ನಾನೇ ಕೇಳಿದ್ದೇನೆ. ಹಂಚುವುದಕ್ಕೆ ಇರುವ ಆ ಹೊಂದಾಣಿಕೆ ಹಂಚದಿರುವುದಕ್ಕೂ ಆಗಬೇಕು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಇದನ್ನು ಮೊದಲು ಮಾಡಿ ನೋಡಿ. ಅಲ್ಲಿ ಪಕ್ಷದ ಚಿಹ್ನೆಯಿಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ನಿಂತವರು, ಓಡಾಡುವವರು ಎಲ್ಲ ಒಂದೇ ಊರಿನವರು. ನಾಮಪತ್ರ ವಾಪಸು ತೆಗೆಯುವ ದಿನ ಮುಗಿದ ಸಂಜೆ ಕಣದಲ್ಲಿ ಉಳಿದವರನ್ನೆಲ್ಲ ಅರಳಿಕಟ್ಟೆಗೋ ಗುಡಿ ಜಗಲಿಗೋ ಕರೆದು ಕೂರಿಸಿ, ಸ್ತ್ರೀಶಕ್ತಿ ಸಂಘದ ಹೆಂಗಸರನ್ನೂ ಕೂರಿಸಿಕೊಂಡು, ಈ ವಾರ್ಡಿನಲ್ಲಿ ಎಣ್ಣೆ ಇಳಿಯುವುದಿಲ್ಲ ಎಂದು ಎಲ್ಲರ ಬಾಯಲ್ಲೂ ಹೇಳಿಸಿ. ಹೆಂಗಸರ ಎದುರು ಕೊಟ್ಟ ಮಾತನ್ನು ಮುರಿಯುವುದು ಅಷ್ಟು ಸುಲಭವಲ್ಲ.

ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಹೊರಗಿನಿಂದ ಬಾಕ್ಸ್ ಬಂದೇ ಬಂದರೆ ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಫೋಟೊ, ವಿಡಿಯೊ ಕಳಿಸಬಹುದು, ಹೆಸರು ಹೇಳದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಆಗಬೇಕು ಎಂಬುದು ಅದರ ನಿಯಮ. ಸಹಾಯವಾಣಿ 1950. ನಿಮ್ಮದೇ ಪಕ್ಷದ ಬಾಕ್ಸ್ ಮೇಲೆ ದೂರು ಕೊಡಿ ಎಂದು ನಾನು ಹೇಳಿದರೆ ನಿಮಗೆ ಕಷ್ಟವಾಗಬಹುದು. ಕನಿಷ್ಠ ಹೊರಬೇಡಿ. ನಿಮ್ಮ ಮುಖಂಡರು ಕರೆದು, "ರಾತ್ರಿಗೆ ಒಂದು ಸಣ್ಣ ಕೆಲಸ ಇದೆ" ಎಂದಾಗ, "ಅಣ್ಣಾ, ಬೆಳಗ್ಗೆ ಐದೂವರೆಗೆ ಮತಗಟ್ಟೆಯಲ್ಲಿರಬೇಕು, ನಾನು ಮಲಗ್ತೀನಿ" ಎಂದು ಹೇಳಿ ಮನೆಗೆ ಹೋಗಿ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ನೀವಿಲ್ಲದೆ ಅವರ ಚುನಾವಣೆ ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತು.

ಮುಂದಿನ ಚುನಾವಣೆಯ ದಿನಾಂಕ ಪ್ರಕಟವಾದ ದಿನವೇ ನಿಮ್ಮ ಬೂತಿನ ಎಲ್ಲ ಪಕ್ಷದ ಹುಡುಗರೂ ಒಂದು ಕಡೆ ಸೇರಿ ಈ ಮಾತನ್ನು ಆಡಿ ಮುಗಿಸಿ ಎಂಬುದಷ್ಟೇ ನನ್ನ ಕೇಳಿಕೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ, ಮಾಜಿ ಮತಗಟ್ಟೆ ಅಧ್ಯಕ್ಷಾಧಿಕಾರಿ